ತಾಯಿಗೇ ಉಸಿರು ಸಾಲದಿದ್ದರೆ

ಕಾರ್ಕಳದಿಂದ ಉಡುಪಿಗೆ ಹೊರಟ ಬಸ್ಸಿನ ಸೀಟೊಂದರಲ್ಲಿ ಐರಿನ್ ಒಬ್ಬಳೇ ಕುಳಿತಿದ್ದಳು. ಗಂಡ ಹಡಗಿನ ಕೆಲಸದವನು. ಈಗ ಯಾವ ಸಮುದ್ರದಲ್ಲಿದ್ದಾನೋ ಅವಳಿಗೂ ತಿಳಿಯದು. ಏಳು ತಿಂಗಳ ಬಸುರಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. "ನಿನಗೇ ಉಸಿರಿಲ್ಲ, ಮಗುವಿಗೆ ಎಂತ ಕೊಡ್ತಿ?" ಎಂದು ಬೆಳಿಗ್ಗೆ ಅತ್ತೆ ಆಡಿದ ಮಾತೊಂದೇ ಅವಳ ಜೊತೆಗೆ ಬಸ್ಸು ಹತ್ತಿ ಬಂದಿತ್ತು.

ಮುಂದಿನ ಸೀಟಿನಲ್ಲಿ ಮೆಡಿಕಲ್ ಓದುವ ಹುಡುಗರಿಬ್ಬರು ಪರೀಕ್ಷೆಯ ಗಡಿಬಿಡಿಯಲ್ಲಿದ್ದರು.

"ವಾದಿರಾಜ, ತಾಯಿಯ ರಕ್ತದ ಆಕ್ಸಿಜನ್ ಹೊಟ್ಟೆಯ ಮಗುವಿಗೆ ಹೇಗೆ ಸಿಗ್ತದೆ? ತಾಯಿಯ ರಕ್ತ ಅದನ್ನು ಬಿಡ್ಬೇಕಲ್ಲ?"

"ಮಗುವಿನ ಹಿಮೋಗ್ಲೋಬಿನ್ ಬೇರೆ ಮಾರಾಯ. ಆಕ್ಸಿಜನ್ ಮೇಲೆ ತಾಯಿಯದ್ದಕ್ಕಿಂತ ಅದರ ಹಿಡಿತ ಗಟ್ಟಿ. ತಾಯಿಯದ್ದು ಬಿಟ್ಟುಕೊಟ್ಟದ್ದನ್ನು ಅದು ಎಳೆದುಕೊಳ್ತದೆ."

"ತಾಯಿಗೇ ಉಸಿರು ಸಾಲದಿದ್ದರೆ?"

ಐರಿನ್ ಎದುರಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಸ್ವಲ್ಪ ಕಮ್ಮಿಯಾದರೂ ಮಗು ತನ್ನ ಪಾಲು ಬಿಡುವುದಿಲ್ಲ. ಅದಕ್ಕೇ ಅಲ್ವಾ ಆ ಹಿಡಿತ ಇರುವುದು?"

"ಹುಟ್ಟಿದ ಮೇಲೆ?"

"ಆರು ತಿಂಗಳಾಗುವಾಗ ಅದರ ಹಿಮೋಗ್ಲೋಬಿನ್ನೂ ಹೆಚ್ಚುಕಮ್ಮಿ ನಮ್ಮದರ ಹಾಗೇ ಆಗ್ತದೆ. ಆಗ ಅದಕ್ಕೆ ಸ್ವಂತ ಉಸಿರು ಉಂಟಲ್ಲ."

"ಪ್ರೊಫೆಸರ್ ಇದನ್ನೇ ಕೇಳಿದರೆ ಸಾಕಿತ್ತು."

"ಮಣಿಪಾಲ, ಮಣಿಪಾಲ!" ಎಂದು ಕಂಡಕ್ಟರ್ ಕೂಗಿದ. ಹುಡುಗರು ಹಿಂತಿರುಗಿ ನೋಡದೆ ಇಳಿದು ಹೋದರು.

ಬಸ್ಸು ಉಡುಪಿಯ ಇಳಿಜಾರಿಗೆ ತಿರುಗಿತು. ಐರಿನ್‌ಳ ಪಕ್ಕದ ಸೀಟು ಆಗಲೂ ಖಾಲಿಯೇ ಇತ್ತು. ಅವಳು ಕಿಟಕಿಗೆ ಮುಖವೊಡ್ಡಿ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ಮತ್ತೊಮ್ಮೆ, ಕೇಳದೆಯೇ ತನ್ನ ಪಾಲು ತೆಗೆದುಕೊಳ್ಳುವ ಒಳಗಿನ ಜೀವಕ್ಕಾಗಿ.