ಮಂಗಳವಾರ ತಲೆ ಆಡಿಸಿದ್ಯಲ್ಲ

…ಅದನ್ನ ಮೀನು ಅಂತಾರಾ? ಥೂ! ಅಲ್ಲಾಡಬೇಡ ಗಾರ್ಲ್ಯಾಂಡ್, ಗದ್ದ ಕೊಯ್ದೀತು. ಅಲ್ಲಿ ಆಸ್ಪತ್ರೇಲಿ ಮೀನನ್ನ ಅರೆದು ಅರೆದು ಬೂದಿ ಬಣ್ಣದ ಗಂಜಿ ಮಾಡಿ, ಅದನ್ನೇ ಮತ್ತೆ ಮೀನಿನ ಅಚ್ಚಿಗೆ ಹಾಕಿ ತಟ್ಟೇಲಿ ಕವುಚಿದ್ರು! ಕಣ್ಣಿಗೆ ಅಂತ ಒಂದು ಬಟಾಣಿ ಬೇರೆ. ಜೀವಮಾನವೆಲ್ಲ ಸಮುದ್ರದಲ್ಲಿ ಕಾಡ್ ಮೀನು ಹಿಡಿದ ನಿನ್ನಂಥ ಗಂಡಸಿಗೆ ಅದನ್ನ ತಿನ್ನಿಸೋದಾ?

ಏನು, ನಗ್ತಿದೀಯಾ? ನಗು ನಗು. ಬಾಯಿ ಒಂದು ಕಡೆಗೆ ಎಳೀತದೆ, ಆಮೇಲೆ ಜೊಲ್ಲು ಒರೆಸೋಳು ನಾನು.

ಏಯ್… ಕೊಡಿಲ್ಲಿ ರೇಜರು! ಎಡಗೈಲಿ ಮಾಡ್ಕೋತಾನಂತೆ ಸಾಹೇಬ. ಎಲ್ಲಾ ಆ ಮಿಸ್ ಪೆನ್ನಿ ಹೇಳಿಕೊಟ್ಟ ಬುದ್ಧಿ. ಅಪರೂಪಕ್ಕೆ ಕಾರಲ್ಲಿ ಬಂದು ನಿನಗೆ ಮಾತು ಕಲಿಸಿ ಹೋಗೋ ಹುಡುಗಿ, “ಅವರ ಕೆಲಸ ಅವರೇ ಮಾಡ್ಕೊಳ್ಳಲಿ ಯೂನಿಸ್ ಆಂಟಿ, ನೀವು ಸುಮ್ಮನಿರಿ” ಅಂತ ನನಗೇ ಹೇಳ್ತಾಳೆ! ನಾನು ಸುಮ್ಮನಿರಬೇಕಂತೆ! ಲಕ್ವ ಹೊಡೆದು ನಿನ್ನ ಬಲಗೈಯೂ ಬಾಯೂ ಬಿದ್ದುಹೋದಾಗಿಂದ ತೊಳೆದು ಬಳಿದು ಮಾಡಿದೋಳು ಯಾರು, ಅವಳಾ?

ಅವಳು ಗೋಗರೆದಳು ಅಂತ ತಾನೆ ಸೋಮವಾರ ಸೇಂಟ್ ಜಾನ್ಸ್ ಪಟ್ಟಣಕ್ಕೆ ಹೋಗಿ, ಲಕ್ವದವರನ್ನ ಇಟ್ಕೊಳ್ಳೋ ಆ ಆಸ್ಪತ್ರೆ ನೋಡಿಬಂದಿದ್ದು. “ಒಂದು ಹಾಸಿಗೆ ಖಾಲಿಯಾಗಿದೆ ಆಂಟಿ, ಅಲ್ಲೇ ಇದ್ದು ದಿನಾ ಅಭ್ಯಾಸ ಮಾಡಿದ್ರೆ ಅಂಕಲ್‌ಗೆ ಮಾತು ಬರುತ್ತೆ.” ಬರುತ್ತೆ! ಬೆಂದ ಟರ್ನಿಪ್ ಗೆಡ್ಡೆಯೂ ಫಿನಾಯಿಲೂ ಸೇರಿದ ಆ ವಾಸನೆಗೆ ವಾಂತಿ ಬರುತ್ತೆ. ಕೋಟು ಒಗೆದು ಹೊರಗೆ ಗಾಳಿಗೆ ಹಾಕಿದ್ರೂ ಹೋಗಿಲ್ಲ. ಬೇಕಾದ್ರೆ ಮೂಸಿ ನೋಡು.

ಊಟ ಆದಮೇಲೆ ಹಾಡು! ಮಾತು ಹೋದವರಿಗೂ ಹಾಡು ಉಳಿದಿರ್ತದಂತೆ. ಅದಕ್ಕೇ ಎಲ್ಲರನ್ನೂ ಸಾಲಾಗಿ ಕೂರಿಸಿ ಹುಟ್ಟುಹಬ್ಬದ ಹಾಡು ಹೇಳಿಸ್ತಾರೆ. ಯಾರ ಹುಟ್ಟುಹಬ್ಬವೂ ಅಲ್ಲ, ಕೇಕೂ ಇಲ್ಲ, ಮಣ್ಣೂ ಇಲ್ಲ! ಮೊಮ್ಮಕ್ಕಳನ್ನ ಕಂಡ ಗಂಡಸರು ಎದೆಗೆ ಜೊಲ್ಲುಬಟ್ಟೆ ಕಟ್ಕೊಂಡು ಕರುಗಳ ಹಾಗೆ ಅರಚೋದು. ಛೀ ಛೀ! ಅದರಲ್ಲೊಬ್ಬ ಬೋಳುಮುದುಕ, ಹಾಡು ಮುಗಿದ ಮೇಲೂ ಅದೇ ರಾಗದಲ್ಲಿ ಎಳೆದೂ ಎಳೆದೂ ಹೆಂಡತಿಗೆ “ಟೀ… ಕೊ… ಡೂ” ಅಂದ. ಅವಳು ಗೊಳೋ ಅಂತ ಅತ್ಲು. ಎಲ್ಲರ ಎದುರಿಗೆ! ಮಾನ ಮರ್ಯಾದೆ ಬೇಡ್ವಾ…

ಯಾಕೆ ಹಾಗೆ ನೋಡ್ತೀಯ?

ಹೂಂ, ಆ ಮುದುಕ ಮಾತಾಡಿದ. ಕೇಳಿಸ್ತು. ಏನೀಗ? ಒಂದು ಲೋಟ ಟೀಗೆ ಅಷ್ಟು ರಂಪ! ನೀನು ಕೇಳೋ ಮೊದಲೇ ನಾನು ತಂದಿಡ್ತೀನಿ, ಡಬ್ಬಿ ಹಾಲು ಹಾಕಿ, ನಿನಗೆ ಬೇಕಾದಷ್ಟು ಗಟ್ಟಿಯಾಗಿ. ಮಾತಿನ ಅವಶ್ಯಕತೆಯೇ ಇಲ್ಲವಲ್ಲ ನಿನಗೆ.

ಕೈ ಬಿಡು. ನೊರೆ ಒಣಗ್ತಿದೆ. ಅರ್ಧ ಗಡ್ಡದಲ್ಲಿ ಕೂತರೆ ಕಡಲ ಸೀಲ್ ಪ್ರಾಣಿ ಇದ್ದ ಹಾಗಿದೀಯ, ಅಸಹ್ಯವಾಗಿ. ಬಿಡು ಅಂದೆ!

ಇವತ್ತು ಸಂಜೆಗೆ ಆ ಹಾಸಿಗೆ ಬೇರೆಯವರಿಗೆ ಕೊಡ್ತಾರಂತೆ. ಕೊಡಲಿ. ಮಿಸ್ ಪೆನ್ನಿ ಫೋನಿಗೆ ನಾನು ಹೇಳಿಯಾಯ್ತು, ಗಾರ್ಲ್ಯಾಂಡ್‌ಗೆ ಇಷ್ಟ ಇಲ್ಲ ಅಂತ. ಸುಳ್ಳೇನು ಹೇಳಲಿಲ್ಲ. ಮಂಗಳವಾರ ನಿನ್ನ ಕೇಳಿದೆ, ನೀನು ತಲೆ ಆಡಿಸಿದೆ. ಆಡಿಸಿದ್ಯಲ್ಲ? ಈ ಕುರ್ಚಿಯಲ್ಲೇ ಕೂತಿದ್ದೆ. “ಬೇಡ ಅಂದುಬಿಡ್ಲಾ?” ಅಂದೆ, ನೀನು ಹೂಂ ಅನ್ನೋ ಹಾಗೆ…

ಆಡಿಸಿದೆ ತಾನೆ? ಎಲ್ಲಿ, ಹೌದು ಅಂತ ಈಗೊಂದು ಸಲ ಆಡಿಸು.

ಗಾರ್ಲ್ಯಾಂಡ್?

ಕಲ್ಲಿನ ಹಾಗೆ ಕೂರಬೇಡ ಮಾರಾಯ. ಕುತ್ತಿಗೆಗೇನೂ ಲಕ್ವ ಹೊಡೆದಿಲ್ಲವಲ್ಲ… ಒಂದು ಸಲ. ಇಷ್ಟೇ ಇಷ್ಟು. ನಾನು ಸುಳ್ಳಿ ಅಲ್ಲ ಅನ್ನೋಕೆ…

ಅವತ್ತು ನಿನಗೆ ಜೊಂಪು ಹತ್ತಿತ್ತೋ ಏನೋ. ನಾನು ಹಾಸಿಗೆ ಕೊಡವುತ್ತಾ ಇದ್ದೆ, ಬೆನ್ನು ನಿನ್ನ ಕಡೆಗಿತ್ತು…

…ಕೇಳಲಿಲ್ಲ. ಸರಿ, ನಾನು ನಿನ್ನ ಕೇಳಲೇ ಇಲ್ಲ! ನೀನು ನಿದ್ದೆ ಮಾಡ್ತಿದ್ದೆ, ನಾನು ಫೋನಲ್ಲಿ ಹೇಳಿಬಿಟ್ಟೆ.

ಬೇಡ ಅಂದಿದ್ದಕ್ಕೆ ಕಾರಣ ಮೀನೂ ಅಲ್ಲ, ವಾಸನೆಯೂ ಅಲ್ಲ ಕಣೋ. ಆ ಸಾಲಿನ ಕೊನೇಲಿ ಒಂದು ಕುರ್ಚಿ ಖಾಲಿ ಇತ್ತು. ಅದರಲ್ಲಿ ನಿನ್ನ ಕೂರಿಸಿ ನೋಡಿದೆ, ಮನಸ್ಸಲ್ಲೇ. ಏನೂ ವ್ಯತ್ಯಾಸ ಕಾಣಲಿಲ್ಲ. ಅದೇ ಬಾಯಿ, ಅದೇ ಜೊಲ್ಲು. ಮನೇಲಿ ಇದ್ದರೆ ನೀನು ಗಾರ್ಲ್ಯಾಂಡು. ಅಲ್ಲಿ ನೀನೂ ಅವರಲ್ಲೊಬ್ಬ. ನನಗೆ ಅಸಹ್ಯ ಆಯ್ತು… ಅವರನ್ನ ನೋಡಿ ಅಲ್ಲ. ನಿನ್ನ ನೋಡಿ. ಥೂ, ಎಂಥ ಹೆಂಗಸು ನಾನು!

ಈಗ ಕೇಳ್ತೀನಿ. ಮಧ್ಯೆ ಬಾಯಿ ಹಾಕಲ್ಲ. ಅಲ್ಲಿಗೆ ಹೋಗ್ತೀಯಾ?

…

ಅಯ್ಯೋ, ಮೆಲ್ಲಗೆ! ನೊರೆಯೆಲ್ಲ ನನ್ನ ಕಣ್ಣಿಗೆ ಸಿಡೀತು! ಸಾಕು, ಸಾಕು, ಕಂಡೆ. ಹೌದು ಅಂತ ತಲೆ ಆಡಿಸೋದು ಅಂದ್ರೆ ಇದು. ಇಂಥದ್ದೊಂದನ್ನ ನಾನು ಮಂಗಳವಾರ ನೋಡೇ ಇರಲಿಲ್ಲ.