ಹನ್ನೆರಡು ವರ್ಷದ ದವಡೆ

ಹೆಸರು: ಬೊಗೊಮಿರ್ ಲಾವ್ರಿಚ್. ವಯಸ್ಸು: 56 ವರ್ಷ. ಕಸುಬು: ಕನ್ನಡಕದ ಅಂಗಡಿ, ಕಣ್ಣಿನ ಪರೀಕ್ಷೆ. ವಾಸ: ಮನೆ ನಂ. 14, ಗಿರಣಿ ಬೀದಿ, ಬುಕೋವ್ಯೆ, ಸ್ಲೊವೇನಿಯಾ.

ಮೇಲ್ಕಂಡ ನಾನು ಠಾಣೆಗೆ ಹಾಜರಾಗಿ, ಉಪನಿರೀಕ್ಷಕಿ ತಾದೆಯಾ ಪಿಂತಾರ್ ಅವರ ಮುಂದೆ ತಿಳಿಸುವುದು ಇಷ್ಟು.

ನಮ್ಮ ಬೇಟೆಗಾರರ ಸಂಘವು ತನ್ನ ಸದಸ್ಯರಾಗಿದ್ದ ಲುದ್ವಿಕ್ ಒಝ್ಬೊಲ್ಟ್ ಎಂಬವರ ಮೇಲೆ ದೂರು ಕೊಟ್ಟಿದೆ. ಅವರಿಗೆ 71 ವರ್ಷ, ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ತಾವು ಹೊಡೆದ ಜಿಂಕೆಯ ವಯಸ್ಸು ಮರೆಮಾಚಲು ಬೇರೆ ಜಿಂಕೆಯ ದವಡೆ ಕಟ್ಟಿ ಸಮಿತಿಗೆ ತೋರಿಸಿದರು ಎಂಬುದು ದೂರು. ಆ ಸಮಿತಿಯ ಮೂವರಲ್ಲಿ ನಾನೂ ಒಬ್ಬನಾದ್ದರಿಂದ ನನ್ನನ್ನು ಸಾಕ್ಷಿ ಎಂದು ಕರೆಸಲಾಗಿದೆ. ಸಾಕ್ಷಿಯಾಗಿ ಬಂದು ಕುಳಿತಿದ್ದೇನೆ. ಏಳುವಾಗ ಏನಾಗಿರುತ್ತೇನೆ ಎಂಬುದನ್ನು ಅಧಿಕಾರಿಯವರು ತೀರ್ಮಾನಿಸಬೇಕು.

ಅಧಿಕಾರಿಯವರು ಬೇಟೆಯಾಡುವವರಲ್ಲವಾದ್ದರಿಂದ ನಿಯಮವನ್ನು ಹೇಳುತ್ತೇನೆ. ನಮ್ಮಲ್ಲಿ ದೊಡ್ಡ ಗಂಡು ಜಿಂಕೆಯನ್ನು ಕೊಂಬಿನ ಆಸೆಗೆ ಹೊಡೆಯುವಂತಿಲ್ಲ. ಅದು ಹತ್ತು ವರ್ಷ ದಾಟಿರಬೇಕು. ಅದಕ್ಕಿಂತ ಎಳೆಯದಾದರೆ, ಕೊಂಬು ಎಷ್ಟೇ ಚೆನ್ನಾಗಿದ್ದರೂ, ಚೆನ್ನಾಗಿದ್ದಷ್ಟೂ ಬಿಡಬೇಕು. ಹೊಡೆದವನು ಕೊಂಬಿಗೆ ಕೆಳದವಡೆಯ ಎಡ ಅರ್ಧವನ್ನು ತಂತಿಯಿಂದ ಕಟ್ಟಿ ಮಾರ್ಚ್ ತಿಂಗಳಲ್ಲಿ ಎಲ್ಲರೆದುರು ಗೋಡೆಗೆ ತೂಗುಹಾಕುತ್ತಾನೆ. ಸಮಿತಿ ಹಲ್ಲಿನ ಸವೆತ ನೋಡಿ ವಯಸ್ಸು ಹೇಳುತ್ತದೆ. ಸರಿಯಿದ್ದರೆ ಹಸಿರು ಚೀಟಿ, ತಪ್ಪಾದರೆ ಕೆಂಪು. ಕೆಂಪು ಚೀಟಿ ಬಿದ್ದವನಿಗೆ ಮೂರು ವರ್ಷ ಗಂಡು ಜಿಂಕೆ ಇಲ್ಲ.

ದಿನಾಂಕ 9 ಮೇ 2017ರಂದು ಮಧ್ಯಾಹ್ನ 3 ಗಂಟೆಗೆ ಒಝ್ಬೊಲ್ಟ್ ಅವರು ನನ್ನ ಅಂಗಡಿಗೆ ಬಂದು ಕಣ್ಣು ಪರೀಕ್ಷೆ ಮಾಡಿಸಿಕೊಂಡರು. ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣಿನ ನಟ್ಟನಡುವೆ ಮಬ್ಬಿತ್ತು. ಅದು ಆಪರೇಷನ್‌ನಿಂದ ಹೋಗುವಂಥದ್ದಲ್ಲ. ಗೋಡೆಯ ಪಟ್ಟಿಯಲ್ಲಿ ಮೂರನೆಯ ಸಾಲಿನವರೆಗೆ ಓದಿದರು. ನಾಲ್ಕನೆಯ ಸಾಲನ್ನು ಊಹಿಸಿ ಹೇಳಿದರು. ಐದು ಅಕ್ಷರದಲ್ಲಿ ಎರಡು ಸರಿಯಿತ್ತು. ಕೋವಿಯ ಪರವಾನಗಿ ಇರುವವರ ಕಣ್ಣು ಹೀಗಾದರೆ ನಾನು ವೈದ್ಯರಿಗೆ ಬರೆದು ತಿಳಿಸಬೇಕು. ಅವರು ಕುರ್ಚಿಯಿಂದ ಏಳದೆ, ಬೊಗೊ, ಇದೊಂದು ಬೇಟೆಗಾಲ ಬಿಟ್ಕೊಡು ಮಾರಾಯ, ಆಮೇಲೆ ನೀನು ಬರಿ, ನಾನೇ ತಗೊಂಡು ಹೋಗಿ ಅಂಚೆಗೆ ಹಾಕ್ತೀನಿ, ಎಂದರು. ನಲವತ್ತನಾಲ್ಕು ವರ್ಷ ಬೇಟೆಯಾಡಿಯೂ ಅವರು ಒಂದೂ ದೊಡ್ಡ ಗಂಡು ಜಿಂಕೆ ಹೊಡೆದವರಲ್ಲ. ಪ್ರತಿ ಸಲವೂ, ಇನ್ನೂ ಒಂದು ವರ್ಷ ಬೆಳೀಲಿ ಬಿಡು, ಎಂದು ಬಿಟ್ಟವರು. ನಾನು ಬರೆಯಲಿಲ್ಲ. ಅಂದಿನಿಂದ ಅವರಿಗೆ ಬಂದ ಕಾಗದಪತ್ರಗಳನ್ನು ಅಂಗಡಿಗೆ ತಂದು ನನ್ನಿಂದಲೇ ಓದಿಸಿಕೊಳ್ಳುತ್ತಿದ್ದರು.

ದಿನಾಂಕ 23 ಸೆಪ್ಟೆಂಬರ್ 2017, ಶನಿವಾರ, ಬೆಳಿಗ್ಗೆ 5.10ಕ್ಕೆ ನಾವಿಬ್ಬರು ಕಾಡಂಚಿನ ರಸ್ತೆಯಲ್ಲಿ ಕಾರು ನಿಲ್ಲಿಸಿ, 1,300 ಮೀಟರ್ ನಡೆದು, ಹುಲ್ಲುಗಾವಲಿನ ಅಟ್ಟಣೆಗೆ ಹೋದೆವು. ನಾನು ಹೊಸ ಜಾಕೆಟ್ ತೊಟ್ಟಿದ್ದೆ. ನೀರು ಹಿಡಿಯದ ಬಟ್ಟೆ, ತೋಳು ಆಡಿಸಿದರೆ ಸರಬರ ಎನ್ನುತ್ತಿತ್ತು. ಒಝ್ಬೊಲ್ಟ್ ಅವರದು 1979ರ ಉಣ್ಣೆಯ ಕೋಟು. ಅವರು ದಾರಿಯಲ್ಲಿ ನಿಂತು, ಇದನ್ನ ಹಾಕ್ಕೊಂಡು ಬರೋ ಬದಲು ಒಂದು ವಾಲಗದವರನ್ನ ಕರ್ಕೊಂಡು ಬಂದಿದ್ರೆ ಜಿಂಕೆಗೂ ಖುಷಿಯಾಗ್ತಿತ್ತು, ಎಂದರು. ನಿನ್ನ ಕೋಟಿನ ನಾತಕ್ಕೆ ಜಿಂಕೆ ಹೋಗ್ಲಿ, ಕರಡಿನೂ ಬರಲ್ಲ, ಎಂದು ನಾನು ಹೇಳಿದೆ. ಅವರ ಕೋವಿ ಒಂಟಿ ಗುಂಡಿನದು. ನನ್ನದು ಐದು ಗುಂಡಿನದು. ಐದಿದ್ರೆ ನಾಲ್ಕು ಸಲ ಯೋಚನೆ ಮಾಡೋ ಕೆಲಸ ತಪ್ಪುತ್ತೆ ನೋಡು, ಎಂಬುದು ಅವರು ವರ್ಷಗಳಿಂದ ಹೇಳುತ್ತಿದ್ದ ಮಾತು. ದುರ್ಬೀನು ಮಾತ್ರ ನನ್ನದೇ ಒಳ್ಳೆಯದು ಎಂದು ಒಪ್ಪುತ್ತಿದ್ದರು. ಅದು ನನ್ನ ಅಂಗಡಿಯ ಮಾಲು.

ನಮ್ಮಿಬ್ಬರಲ್ಲಿ ಮೊದಲಿನಿಂದಲೂ ಒಂದು ಪದ್ಧತಿ ಇತ್ತು. ಹೊಡೆಯುವವನು ವಯಸ್ಸು ಹೇಳಬಾರದು. ಕೋವಿ ಕೆಳಗಿಟ್ಟವನು ಹೇಳಬೇಕು, ಏಕೆಂದರೆ ಅವನಿಗೆ ಆಸೆ ಇರುವುದಿಲ್ಲ. ಆ ದಿನ ಕೋವಿ ಅವರ ಕೈಯಲ್ಲಿತ್ತು. ದೊಡ್ಡ ಮೈ, ಹೆಗಲು, ಗುರಿ ಇಡುವಷ್ಟು ಅವರಿಗೆ ಕೋವಿಯ ಮೇಲಿನ ದುರ್ಬೀನಿನಲ್ಲಿ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚು ಕಾಣುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ನೋಡಲು ನಾನಿದ್ದೆ.

6.42ಕ್ಕೆ, 130 ಮೀಟರ್ ದೂರದಲ್ಲಿ, ಬೀಚ್ ಮರಗಳ ನಡುವಿನಿಂದ ಒಂದು ಗಂಡು ಹೊರಬಂತು. ಕೊಂಬಿನಲ್ಲಿ ಹದಿನಾಲ್ಕು ಕವಲು. ಬೆದೆಗಾಲವಾದ್ದರಿಂದ ಕೆಸರಿನಲ್ಲಿ ಹೊರಳಿ ಬಂದಿತ್ತು, ಎದೆ ಕುತ್ತಿಗೆಯೆಲ್ಲ ಕಪ್ಪಾಗಿತ್ತು. ವಯಸ್ಸಾದ ಗಂಡಿನ ಕುತ್ತಿಗೆ ದಪ್ಪಗೆ ಜೋತಿರುತ್ತದೆ, ಎದೆಯ ಭಾರಕ್ಕೆ ಮುಂದಕ್ಕೆ ಬಾಗಿ ನಡೆಯುತ್ತದೆ, ಬೆನ್ನು ತಗ್ಗಿರುತ್ತದೆ, ಹೊಟ್ಟೆ ಇಳಿದಿರುತ್ತದೆ, ತಲೆ ಬೆನ್ನಿನ ಮಟ್ಟಕ್ಕಿಂತ ಹೆಚ್ಚು ಏಳುವುದಿಲ್ಲ. ಇದನ್ನು ಹತ್ತೊಂಬತ್ತು ವರ್ಷದಿಂದ ಹೊಸಬರಿಗೆ ಕಲಿಸುತ್ತಿದ್ದೇನೆ. ಕೆಸರು ಮೆತ್ತಿದ ಕುತ್ತಿಗೆಯನ್ನು ನಂಬಬೇಡಿ, ಅದು ಆರು ವರ್ಷದ್ದನ್ನು ಹನ್ನೆರಡರದ್ದಾಗಿ ತೋರಿಸುತ್ತದೆ ಎಂಬುದನ್ನೂ ಕಲಿಸುತ್ತೇನೆ. ಈ ಗಂಡಿನ ಕುತ್ತಿಗೆ ದಪ್ಪವಿತ್ತು, ನಡಿಗೆ ಭಾರವಿತ್ತು. ಬೆನ್ನು ನೇರವಿತ್ತು. ಹೊಟ್ಟೆ ಇಳಿದಿರಲಿಲ್ಲ. ಅದು ತಲೆಯೆತ್ತಿ ನಮ್ಮ ಕಡೆ ನೋಡಿತು.

ಒಝ್ಬೊಲ್ಟ್ ಅವರು ಕೆನ್ನೆಯನ್ನು ಕೋವಿಯಿಂದ ತೆಗೆಯದೆ, ಹೇಳು ಮಾರಾಯ, ಎಂದರು. ಗುರಿಗಾಗಿ ಉಸಿರು ಹಿಡಿದಿದ್ದರು. ಸುಮಾರು ಹತ್ತು ಸೆಕೆಂಡು ಕಳೆಯಿತು. ಮುದುಕ, ಎಂದು ನಾನು ಹೇಳಿದೆ.

ಇದು ಕಣ್ತಪ್ಪೋ, ಗೊತ್ತಿದ್ದು ಹೇಳಿದ್ದೋ ಎಂದು ಅಧಿಕಾರಿಯವರು ಕೇಳಿದ್ದಾರೆ. ಎರಡು ಲಕ್ಷಣ ಹೌದೆಂದವು, ಮೂರು ಅಲ್ಲವೆಂದವು. ನಾನು ಎರಡನ್ನು ನೋಡಿದೆ. ಕೋವಿ ಕೆಳಗಿಟ್ಟವನಿಗೆ ಆಸೆ ಇರುವುದಿಲ್ಲ ಎಂದು ನಾವು ಮಾಡಿಕೊಂಡ ಪದ್ಧತಿ ತಪ್ಪು. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಬರುವುದಿಲ್ಲ.

ಒಂದೇ ಗುಂಡು. ಜಿಂಕೆ ಅರವತ್ತು ಮೀಟರ್ ಓಡಿ ಬಿತ್ತು. 7.05ಕ್ಕೆ ಅದರ ಬಳಿ ಹೋದೆವು. ನಾನು ಫರ್ ಮರದ ರೆಂಬೆ ಮುರಿದು, ಕೊನೆಯ ತುತ್ತೆಂದು ಒಂದು ತುಂಡನ್ನು ಜಿಂಕೆಯ ಬಾಯಿಗಿಟ್ಟೆ. ಇನ್ನೊಂದನ್ನು ಅದರ ರಕ್ತಕ್ಕೆ ತಾಗಿಸಿ, ನನ್ನ ಟೋಪಿಯ ಮೇಲಿಟ್ಟು, ಪದ್ಧತಿಯಂತೆ ಒಝ್ಬೊಲ್ಟ್ ಅವರಿಗೆ ಕೊಟ್ಟೆ. ಅವರು ಅದನ್ನು ತಮ್ಮ ಟೋಪಿಗೆ ಸಿಕ್ಕಿಸಲು ಎರಡು ಸಲ ತಪ್ಪಿದರು. ನಂತರ ಮಂಡಿಯೂರಿ, ಕೊಂಬಿನ ಕವಲುಗಳನ್ನು ಕೈಯಿಂದ ಮುಟ್ಟಿ ಎಣಿಸಿದರು. ಹದಿನಾಲ್ಕು ಕಣೋ, ಎಂದರು. ಇವತ್ತು ನೀನು ಬೈದ್ರೂ ನನಗೆ ಹೊಗಳಿದ ಹಾಗೇ ಕೇಳುತ್ತೆ, ಎಂದರು. ಅಲ್ಲೇ ಕುಳಿತು ಬ್ರೆಡ್ಡು, ಒಣ ಸಾಸೇಜು ತಿಂದೆವು. ಪ್ಲಮ್ ಸಾರಾಯಿಯ ಮೊದಲ ಗುಟುಕನ್ನು ಅವರು ನೆಲಕ್ಕೆ ಚೆಲ್ಲಿದರು.

ರೆಂಬೆ ಇಡಲು ಬಾಯಿ ತೆರೆದಾಗಲೇ ನಾನು ಹಲ್ಲು ನೋಡಿದ್ದೆ.

ತಲೆಯನ್ನು ಕುದಿಸಿ ಶುಚಿ ಮಾಡುವ ಕೆಲಸ ಯಾವಾಗಲೂ ನನ್ನದು. ದೊಡ್ಡ ಹಂಡೆ ಇರುವುದು ನನ್ನ ಹಿತ್ತಿಲಿನಲ್ಲಿ. ಮರುದಿನ, 24 ಸೆಪ್ಟೆಂಬರ್, ಮಧ್ಯಾಹ್ನ 12.30ಕ್ಕೆ ದವಡೆ ಬಿಡಿಸಿದೆ. ಹಿಂದಿನ ಹಲ್ಲುಗಳ ಅಂಚು ಇನ್ನೂ ಚೂಪಾಗಿತ್ತು. ಸವೆತದ ಕಂದು ಗೆರೆ ದಾರದಷ್ಟೇ ಸಣ್ಣಗಿತ್ತು. ಆರು ವರ್ಷ. ಕೆಂಪು ಚೀಟಿ ಬಿದ್ದರೆ ಮೂರು ವರ್ಷ. ಅಷ್ಟರಲ್ಲಿ ಅವರಿಗೆ ಮರವೂ ಜಿಂಕೆಯೂ ಒಂದೇ ಆಗಿರುತ್ತದೆ. ಇದೊಂದೇ ಅವರ ಜಿಂಕೆ, ಅದಕ್ಕೆ ಕೆಂಪು ಚೀಟಿ ಎಂಬುದನ್ನು ನನ್ನಿಂದ ಯೋಚಿಸಲಾಗಲಿಲ್ಲ.

ಸಂಘದ ಮನೆಯ ಕಪಾಟಿನಲ್ಲಿ ಪಾಠಕ್ಕೆಂದು ನಾನೇ ಜೋಡಿಸಿದ ಒಂದು ಪೆಟ್ಟಿಗೆ ಇದೆ. ಒಂದರಿಂದ ಹದಿನಾಲ್ಕು ವರ್ಷದವರೆಗಿನ ದವಡೆಗಳನ್ನು ಸಾಲಾಗಿ ಮೊಳೆಗೆ ಸಿಕ್ಕಿಸಿದ್ದೇನೆ. 26 ಸೆಪ್ಟೆಂಬರ್ ಬೆಳಿಗ್ಗೆ 9ಕ್ಕೆ ಹೋಗಿ ಹನ್ನೆರಡು ವರ್ಷದ್ದನ್ನು ತೆಗೆದೆ. ಮೊಳೆಯ ತೂತಿಗೆ ಮೇಣದಲ್ಲಿ ಎಲುಬಿನ ಪುಡಿ ಕಲಸಿ ತುಂಬಿದೆ. ಒಝ್ಬೊಲ್ಟ್ ಅವರ ಕೊಂಬಿಗೆ ಅದನ್ನು ಕಟ್ಟಿ ಅವರ ಮನೆಗೆ ತಲುಪಿಸಿದೆ. ಅವರು ದವಡೆಯ ಮೇಲೆ ಹೆಬ್ಬೆರಳು ಆಡಿಸಿ, ನುಣ್ಣಗೆ ಸವೆದಿದೆ ಪಾಪ, ಎಂದರು.

ದಿನಾಂಕ 17 ಮಾರ್ಚ್ 2018, ಶನಿವಾರ, ಬೆಳಿಗ್ಗೆ 10ಕ್ಕೆ ಸಂಘದ ಮನೆಯಲ್ಲಿ ಪ್ರದರ್ಶನ ನಡೆಯಿತು. ಸುಮಾರು ನಲವತ್ತು ಜನ ಇದ್ದರು. 11.15ಕ್ಕೆ ಸಮಿತಿ ಒಝ್ಬೊಲ್ಟ್ ಅವರ ಕೊಂಬಿನ ಬಳಿ ಬಂತು. ಸಂಘದ ಅಧ್ಯಕ್ಷ ರಾಯ್ಮುಂದ್ ಕೊರ್ದಿಶ್ ದವಡೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ನಂತರ ಹೆಬ್ಬೆರಳ ಉಗುರಿನಿಂದ ಒತ್ತಿದರು. ಮೇಣ ಎದ್ದು ಬಂತು. ಹತ್ತೊಂಬತ್ತು ವರ್ಷದ ಹಿಂದೆ ಇದೇ ದವಡೆ ಹಿಡ್ಕೊಂಡು ನಾನು ಪರೀಕ್ಷೆ ಪಾಸಾದದ್ದು, ಇಲ್ಲಿ ನಿಂತಿರೋರಲ್ಲಿ ಅರ್ಧ ಜನ ಹಾಗೇ ಪಾಸಾಗಿದ್ದೀರಿ, ಎಂದರು. ಹಿಂದಿನಿಂದ ಯಾರೋ ನಕ್ಕರು. ಕಲಿಸುವವನು ನಾನೇ ಆಗಿದ್ದರೂ, ಆ ದವಡೆ ಅಷ್ಟು ಕೈಗಳಿಗೆ ಪರಿಚಿತ ಎಂಬುದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಕೊರ್ದಿಶ್ ನನ್ನ ಕಡೆ ತಿರುಗಿ, ಕಪಾಟಿನ ಬೀಗದ ಕೈ ಯಾರ್ಯಾರ ಹತ್ತಿರ ಇದೆ, ಎಂದು ಕೇಳಿದರು. ಇಬ್ಬರ ಹತ್ತಿರ, ನನ್ನದು ಒಂದು, ಈ ಮನೆಯ ಒಲೆ ಹಚ್ಚುವ ಲುದ್ವಿಕ್ ಒಝ್ಬೊಲ್ಟ್‌ದು ಒಂದು, ಎಂದು ಹೇಳಿದೆ. ಆ ದಿನ ನಾನು ಹೇಳಿದ್ದು ಅಷ್ಟೇ. ಅದು ನಿಜವಾದ ಮಾತು.

ನಮ್ಮ ಸಂಘದಲ್ಲಿ ವಯಸ್ಸು, ಹುದ್ದೆ ಏನೇ ಇರಲಿ, ಎಲ್ಲರೂ ಪರಸ್ಪರ ನೀನು ಎಂದೇ ಕರೆಯುತ್ತೇವೆ. ಸದಸ್ಯನಾದ ದಿನ ಕೈಕುಲುಕಿ ಅದನ್ನು ಕೊಡುತ್ತಾರೆ, ಸಾಯುವವರೆಗೆ ಇರುತ್ತದೆ. ಕೊರ್ದಿಶ್ ಅವರು, ಒಝ್ಬೊಲ್ಟ್ ಅವರೇ, ನೀವು ಇದಕ್ಕೆ ಏನು ಹೇಳ್ತೀರಿ, ಎಂದು ಕೇಳಿದರು.

ಒಝ್ಬೊಲ್ಟ್ ಅವರು ನನ್ನ ಕಡೆ ತಿರುಗಿದರು. ನಮ್ಮ ನಡುವೆ ಏಳು ಮೀಟರ್ ಇತ್ತು. ಆ ದೂರದಲ್ಲಿ ಅವರಿಗೆ ಅಲ್ಲೊಂದು ಮುಖ ಇದೆ ಎಂದು ಕಾಣುತ್ತದೆ, ಮುಖದಲ್ಲಿ ಏನಿದೆ ಎಂದು ಕಾಣುವುದಿಲ್ಲ. ನಾನೇ ಕಟ್ಟಿದ್ದು, ಎಂದರು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದರು.

ದಿನಾಂಕ 28 ಮಾರ್ಚ್ 2018ರಂದು ಸಂಜೆ 4.30ಕ್ಕೆ ಅವರು ಅಂಗಡಿಗೆ ಬಂದರು. ಎಂದಿನಂತೆ ಒಂದು ಲಕೋಟೆ ಕೊಟ್ಟು, ಓದು, ಎಂದರು. ಅವರನ್ನು ಸಂಘದಿಂದ ತೆಗೆದುಹಾಕಲಾಗಿದೆ, ಪೊಲೀಸರಿಗೆ ದೂರು ಕೊಡಲಾಗುವುದು ಎಂದು ಅದರಲ್ಲಿತ್ತು. ಕೆಳಗೆ ಸಮಿತಿಯ ಮೂರು ಸಹಿ. ಎರಡು ಹೆಸರು ಓದಿ ನಿಲ್ಲಿಸಿದೆ. ಮೂರನೇದೂ ಓದಪ್ಪ, ಎಂದರು. ಓದಿದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಕುದಿಸುವಾಗ ನನ್ನ ಜಿಂಕೆ ದವಡೆ ಒಡೆದುಹೋಯ್ತೇನೋ, ಹೇಳೋಕೆ ನಾಚಿಕೆಯಾಯ್ತು ನಿನಗೆ, ಅಲ್ವಾ, ಎಂದು ಕೇಳಿದರು. ಹೌದು ಎಂದೆ. ಪೆದ್ದ, ನನಗೊಂದು ಮಾತು ಹೇಳಿದ್ರೆ ಒಡೆದ ಚೂರನ್ನೇ ಕಟ್ತಿದ್ದೆವಲ್ಲ, ಎಂದರು. ನೀನು ಇನ್ನೂ ಹತ್ತು ವರ್ಷ ಕಲಿಸೋನು, ನನಗೇನು, ಗುರಿನೇ ಎರಡೆರಡು ಕಾಣುತ್ತೆ, ಎಂದರು. ಬಾಗಿಲ ಬಳಿ ನಿಂತು, ನನಗೆ ಗೊತ್ತಾಗಬೇಕಾದ್ದು ಒಂದೇ, ಒಡೆಯೋ ಮೊದ್ಲು ಹಲ್ಲು ನೋಡಿದ್ಯಲ್ಲ, ಎಷ್ಟು ವರ್ಷದ್ದು, ಎಂದು ಕೇಳಿದರು. ಹನ್ನೆರಡು, ಎಂದೆ. ಹಾಗಿದ್ರೆ ಸಾಕು, ಎಂದು ಹೊರಟರು.

ದಿನಾಂಕ 3 ಏಪ್ರಿಲ್ 2018ರಂದು ಅವರ ಕೋವಿಯನ್ನು ಈ ಠಾಣೆಯವರು ವಶಕ್ಕೆ ತೆಗೆದುಕೊಂಡರೆಂದು ತಿಳಿಯಿತು.

ದವಡೆ ಒಡೆದಿಲ್ಲ. ಅಂಗಡಿಯ ಮೇಜಿನ ಕೆಳಗಿನ ಖಾನೆಯಲ್ಲಿ, ಕನ್ನಡಕ ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಈ ದಿನ ಬೆಳಿಗ್ಗೆ 10.20ಕ್ಕೆ ಅದನ್ನು ಅಧಿಕಾರಿಯವರ ಮುಂದೆ ಇಟ್ಟಿದ್ದೇನೆ. ವಯಸ್ಸು ಆರು ವರ್ಷ. ಬದಲಾಯಿಸಿದವನು ನಾನು. ಒಝ್ಬೊಲ್ಟ್ ಅವರಿಗೆ ಇದರ ತಿಳಿವಳಿಕೆ ಇರಲಿಲ್ಲ. ಈ ಹೇಳಿಕೆಯಿಂದ ಅವರ ಹೆಸರು ಮರಳಬಹುದು. ಕಣ್ಣಿನ ವಿಷಯವನ್ನೂ ಹೇಳಬೇಕಾಗಿ ಬಂದದ್ದರಿಂದ ಕೋವಿ ಮರಳುವುದಿಲ್ಲ.

ಹೇಳಿಕೆಯಲ್ಲಿ ಜಿಂಕೆಯ ವಯಸ್ಸನ್ನು ಬರೆಯದೆ ಬಿಡಬಹುದೇ ಎಂದು ಕೇಳಿದೆ. ಪ್ರಕರಣವೇ ವಯಸ್ಸಿನದು, ಬಿಡಲಾಗುವುದಿಲ್ಲ, ಮತ್ತು ಇದರ ಒಂದು ಪ್ರತಿ ಒಝ್ಬೊಲ್ಟ್ ಅವರ ವಿಳಾಸಕ್ಕೆ ಅಂಚೆಯಲ್ಲಿ ಹೋಗುತ್ತದೆ ಎಂದು ಅಧಿಕಾರಿಯವರು ತಿಳಿಸಿದರು. ಈ ಅಕ್ಷರ ಅವರಿಗೆ ಕಾಣುವುದಿಲ್ಲ. ಲಕೋಟೆ ಒಡೆಯದೆ ನನ್ನ ಅಂಗಡಿಗೆ ತರುತ್ತಾರೆ. ಓದು ಎನ್ನುತ್ತಾರೆ.

ಇದನ್ನು ನನಗೆ ಓದಿ ಕೇಳಿಸಲಾಗಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. 28 ಮಾರ್ಚ್‌ನ ಸಂಜೆ ಅಂಗಡಿಯಲ್ಲಿ ನಾನು ಹೇಳಿದ ಹೌದು ಮತ್ತು ಹನ್ನೆರಡು ಎಂಬ ಎರಡು ಮಾತು ಮಾತ್ರ ನಿಜವಲ್ಲ.

ಸ್ಥಳ: ಬುಕೋವ್ಯೆ
ದಿನಾಂಕ: 11 ಏಪ್ರಿಲ್ 2018, ಬೆಳಿಗ್ಗೆ 11.50
ಸಹಿ: ಬೊಗೊಮಿರ್ ಲಾವ್ರಿಚ್
ಒಪ್ಪಿಸಿದ ವಸ್ತು: ಕೆಳದವಡೆ, ಎಡ ಅರ್ಧ, ಒಂದು. ಹಳದಿ ಬಟ್ಟೆ, ಒಂದು.