ಒಂಬೈನೂರು ವರ್ಷದ ಪೇಷಂಟು

ಹೌದು ಟೀಚರ್, ನಿಮ್ಮ ಪುಸ್ತಕಗಳನ್ನ ಓದಿದ್ದು ನಮ್ಮ ನರ್ಸಮ್ಮ ಅಲ್ಲ. ನಾನೇ. ಹೊರಗೆ ನೀವು ಅವರನ್ನ ‘ನಾಲ್ಕನೇ ಭಾಗ ಹೇಗಿತ್ತು’ ಅಂತ ಕೇಳಿದಾಗಲೇ ನನ್ನ ಬಂಡವಾಳ ಬಯಲಾಯ್ತು. ಪಾಪ, ಆಕೆ ಕಣ್ಣು ಕಣ್ಣು ಬಿಟ್ಟರು... ಬಾಯಿ ಇನ್ನೊಂದಿಷ್ಟು ಅಗಲ ಮಾಡಿ. ಹಾಂ. ಹಲ್ಲಿನ ಪಕ್ಕ ಹತ್ತಿ ಇಡ್ತೀನಿ, ಮಾತಾಡಬೇಡಿ. ನಗಲೂ ಬೇಡಿ, ಬಾಯೊಳಗಿನ ಕನ್ನಡಿ ಅಲ್ಲಾಡುತ್ತೆ.

ಮೊದಲ ದಿನ ಮೊದಲ ಭಾಗದ ಆ ದಪ್ಪ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿದ್ದಿರಿ. ಗಣಿತ ಪಾಠ ಮಾಡೋರು ಡ್ರ್ಯಾಗನ್ ಕಥೆ ಓದ್ತೀರಲ್ಲ, ಅದೆಲ್ಲ ಹಾಲುಹಲ್ಲಿನ ವಯಸ್ಸಿಗೆ ಸರಿ ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿದ್ದೆ. ಹುಬ್ಬು ಏರಿಸಿದಿರಿ, ಅಂದರೆ ನೆನಪಿದೆ. ಅವತ್ತು ಪುಸ್ತಕ ಕುರ್ಚಿ ಮೇಲೇ ಮರೆತು ಹೋದಿರಿ. ಎತ್ತಿಡೋಣ ಅಂತ ಹೋದೆ, ಕೈ ಸುಮ್ಮನಿರದೆ ತೆರೆದೆ, ಅಷ್ಟೇ. ಆ ಮುದಿ ಡ್ರ್ಯಾಗನ್... ಬೆಂಕಿ ಉಗುಳೋಕಾಗದೆ ಎಡಗೆನ್ನೆಯನ್ನ ತಣ್ಣನೆ ಬಂಡೆಗೆ ಒತ್ತಿಕೊಂಡು ಮಲಗಿದೆ. ರಾಜವೈದ್ಯ ಶಾಪ ಅಂತಾನೆ, ಮಂತ್ರವಾದಿ ಮುಪ್ಪು ಅಂತಾನೆ. ಅಯ್ಯೋ ಮುಠ್ಠಾಳರಾ, ಹಲ್ಲುನೋವು ಕಣ್ರೋ ಅದು! ಕೆಳದವಡೆ, ಎಡಗಡೆ, ಕೊನೆಯದರ ಪಕ್ಕದ್ದು. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ ನನ್ನದು, ಅಷ್ಟು ಗೊತ್ತಾಗಲ್ವಾ?

ಆಮೇಲೆ ಬಿಡೋದು ಹೇಗೆ? ಎಕ್ಸ್‌ರೇ ಕವರಿನಲ್ಲಿ ಬಚ್ಚಿಟ್ಟು ಮನೆಗೆ ಒಯ್ದೆ. ಊಟಕ್ಕೆ ಕೂತಾಗ ಹೆಂಡತಿ, ಏನು ಅಷ್ಟು ಯೋಚನೆ ಅಂದಳು. ಒಬ್ಬ ಪೇಷಂಟು ಅಂದೆ. ವಯಸ್ಸೆಷ್ಟು ಅಂದಳು. ಒಂಬೈನೂರು ಅಂತ ನಾಲಿಗೆ ತುದಿಗೆ ಬಂದಿತ್ತು... ತೊಂಬತ್ತು ಅಂದೆ.

ಮುಂದಿನದು ಬೇಕು ಅನ್ನೋಕೆ ನನಗೆ ಮುಖ ಎಲ್ಲಿತ್ತು? ನಿಮಗೆ ಫೋನ್ ಮಾಡಿ ನಮ್ಮ ನರ್ಸಮ್ಮನಿಗೆ ಬೇಕಂತೆ ಅಂದೆ. ನೀವೋ ಒಳ್ಳೆಯವರು, ಮಂಗಳವಾರಕ್ಕೊಂದು ಭಾಗ ತಂದುಕೊಟ್ಟಿರಿ. ಈಗ ಕಮ್ಮಾರನ ಮಗಳು ಇಕ್ಕಳ ಹಿಡಿದು ಡ್ರ್ಯಾಗನ್ ಬಾಯೊಳಗೆ ಕಾಲಿಟ್ಟಲ್ಲಿಗೆ ನಾಲ್ಕನೇದು ಮುಗೀತು. ಒಂದೇ ಕಾಲು! ವಾರದಿಂದ ನಾನೂ ಅವಳ ಜೊತೆ ಆ ನಾಲಿಗೆ ಮೇಲೇ ನಿಂತಿದ್ದೀನಿ.

ಸರಿ, ಹತ್ತಿ ತೆಗೆದೆ. ಮುಕ್ಕಳಿಸಿ. ಇವತ್ತೂ ತಾತ್ಕಾಲಿಕವಾಗೇ ತುಂಬಿದ್ದೀನಿ, ಮುಂದಿನ ಮಂಗಳವಾರ ಇನ್ನೊಂದೇ ಒಂದು ಸಲ... ಐದನೇದು ಇವತ್ತು ತಂದಿರ್ತೀರಿ, ಆಗ ಬರುವಾಗ ಹಾಗೇ ಆ ಆರನೇದು, ಕೊನೇದು...

ಈಗ ಮಾತಾಡಬಹುದು.

ಬೆರಳು ಯಾಕೆ ಮಡಚ್ತಿದ್ದೀರಿ? ಹೌದು, ಇವತ್ತಿಗೆ ಐದು ಸಲ. ಮುಂದಿನ ವಾರಕ್ಕೆ ಆರು. ಭಾಗಗಳೂ... ಆರೇ. ಕಾಕತಾಳೀಯ ಟೀಚರ್. ನಿಮ್ಮ ಹಲ್ಲು ಸ್ವಲ್ಪ ಹಟಮಾರಿ, ಬೇರು ಸೊಟ್ಟ, ಅದಕ್ಕೇ...

ಹಾಗೆ ನೋಡಬೇಡಿ.

ಬೈದುಬಿಡಿ ಬೇಕಾದರೆ.

...ಹಲ್ಲು ತುಂಬೋ ಕೆಲಸ ಎರಡನೇ ಮಂಗಳವಾರವೇ ಮುಗಿದಿತ್ತು. ಗಟ್ಟಿಯಾಗಿದೆ, ಕಲ್ಲಿನ ಹಾಗಿದೆ. ಆಮೇಲೆ ಎರಡು ಸಲ ಬರೀ ಉಜ್ಜಿ ಕಳಿಸಿದೆ. ಇವತ್ತಂತೂ ಹತ್ತಿ ಇಟ್ಟು ತೆಗೆದಿದ್ದಷ್ಟೇ. ಹಲ್ಲು ಸರಿಹೋದರೆ ನೀವು ಬರೋದಿಲ್ಲ, ನೀವು ಬರದಿದ್ದರೆ ಡ್ರ್ಯಾಗನ್...

ಎಲ್ಲಿಗೆ ಎದ್ದಿರಿ? ಏನು, ನಾನು ಆ ಕುರ್ಚಿಯಲ್ಲಿ ಕೂರಬೇಕಾ? ಸರಿ, ಕೂತೆ. ತಪ್ಪು ನನ್ನದೇ. ಬಾಯಿ ತೆರೀಬೇಕಾ? ಬ್ಯಾಗಿಂದ ಏನು... ಐದನೇ ಭಾಗ! ತಂದಿದ್ದೀರಾ! ಕೊಡ್ತೀರಾ?

ಟೀಚರ್, ಅದು ಕೊನೇ ಪುಟ. ಗಟ್ಟಿಯಾಗಿ ಓದಬೇಡಿ. ಬೇಡ, ಆ ಹತ್ತಿ ಕೆಳಗಿಡಿ... ಮೊದಲ ಪುಟದಿಂದ ಟೀಚರ್, ನಿಮ್ಮ ದಮ್ಮಯ್ಯ, ಮೊದಲ ಪುಟದಿಂ... ಆಂ... ಆಂ...